ಆಂಟಿಡೋಟ್‌ಗೆ ಕನ್ನಡದಲ್ಲಿ ಏನ್ ಬರೀಲಿ? ಬೋರ್ಡ್ ನಾಳೆ ಪ್ರಿಂಟಿಗೆ ಹೋಗುತ್ತೆ

ಎಲ್ರಿಗೂ ನಮಸ್ಕಾರ. ಎಲೆಕ್ಟ್ರೋಪ್ಲೇಟಿಂಗ್ (ಕರೆಂಟ್ ಹಾಯಿಸಿ ಲೋಹದ ಲೇಪನ ಕೊಡೋ) ಫ್ಯಾಕ್ಟರಿಯೊಂದಕ್ಕೆ ಬೋರ್ಡ್ ಅನುವಾದ ಮಾಡ್ತಿದೀನಿ, ಸಯನೈಡ್ ಆಂಟಿಡೋಟ್, ಅಂದ್ರೆ ಆ ವಿಷ ಇಳಿಸೋ ಔಷಧಿ, ಇಟ್ಟಿರೋ ಪೆಟ್ಟಿಗೆ ಮೇಲೆ ಹಾಕೋದು. "ಸಯನೈಡ್ ಪ್ರತಿವಿಷ ಚುಚ್ಚುಮದ್ದು" ಅಂತ ಬರೆದಿದ್ದೆ, ಅಲ್ಲಿನ ಸೂಪರ್‌ವೈಸರ್ ಓದಿ ಇದು ಹಾವು ಕಚ್ಚಿದ್ರೆ ಕೊಡೋದಾ ಅಂದ್ರು. ಇವತ್ತೇ ಬೇಕು.

---

ಪ್ರತಿವಿಷ ಬಿಟ್ಹಾಕಿ, ನಂಜುಮುರಿ ಅನ್ನಿ. ನಂಜು ನಮ್ಮದೇ ಪದ, ತಮಿಳಲ್ಲೂ ಇದೆ, ವಿಷ ಕುಡಿದ ದೇವರನ್ನ ನಂಜುಂಡ ಅಂತ ಕರೆದ ಜನ ನಾವು. ಸಯನೈಡ್ ಪದದ ಬೇರೂ ಗ್ರೀಕಿನಲ್ಲಿ ಕಡುನೀಲಿ ಅಂತಲೇ, ಪ್ರಷ್ಯನ್ ನೀಲಿ ಬಣ್ಣದಿಂದ ಮೊದಲು ತೆಗೆದಿದ್ದಕ್ಕೆ ಆ ಹೆಸರು, ಹಾಗಾಗಿ ನೀಲಿನಂಜು ಅಂದ್ರೂ ಚೆನ್ನಾಗಿ ಒಪ್ಪುತ್ತೆ.

---

> ನಂಜುಮುರಿ

ಬೇಡ. ಎಮರ್ಜೆನ್ಸಿ ವಾರ್ಡಲ್ಲಿ ಕೆಲಸ ಮಾಡೋಳು ನಾನು, ನಂಜು ಅಂದ್ರೆ ಜನ ಗಾಯ ಕೀವಾಗಿದೆ ಅಂತ ತಿಳ್ಕೊಳ್ತಾರೆ. ಚುಚ್ಚುಮದ್ದೂ ತೆಗೀರಿ, ಲಸಿಕೆ ಥರ ಮೊದಲೇ ಹಾಕಿಸ್ಕೊಳ್ಳೋದು ಅಂತ ಓದ್ಕೊಳ್ತಾರೆ. ಸಯನೈಡ್ ಒಳಗೆ ಹೋದ್ರೆ ರಕ್ತದಲ್ಲಿ ಆಕ್ಸಿಜನ್ ಇದ್ರೂ ಜೀವಕೋಶಕ್ಕೆ ಅದನ್ನ ಬಳಸಕ್ಕಾಗಲ್ಲ, ನಿಮಿಷಗಳಲ್ಲೇ ಫಿಟ್ಸ್ ಬಂದು ಉಸಿರು ನಿಲ್ಲಬಹುದು, ಆ ಹೊತ್ತಲ್ಲಿ ಯಾರೂ ನಿಂತ್ಕೊಂಡು ಹೊಸ ಪದ ಬಿಡಿಸ್ತಾ ಕೂರಲ್ಲ.

---

ಪ್ರತಿವಿಷವೇ ಸರಿ, ಸುಮ್ನೆ ಬದಲಾಯಿಸ್ಬೇಡಿ. ಹಳೇ ಸಯನೈಡ್ ಆಂಟಿಡೋಟ್ ಕಿಟ್‌ನಲ್ಲಿರೋ ಸೋಡಿಯಂ ನೈಟ್ರೈಟ್ ತಾನೂ ವಿಷವೇ, ಹಿಮೋಗ್ಲೋಬಿನ್ನನ್ನ ಕೆಡಿಸಿ ಮೆಥ್‌ಹಿಮೋಗ್ಲೋಬಿನ್ ಮಾಡುತ್ತೆ, ಸಯನೈಡ್ ಹೋಗಿ ಅದಕ್ಕೆ ಅಂಟ್ಕೊಳ್ಳುತ್ತೆ, ಆಮೇಲೆ ಅದೇ ಕಿಟ್‌ನ ಇನ್ನೊಂದು ಔಷಧಿ ಥಯೋಸಲ್ಫೇಟ್ ಗಂಧಕ ಕೊಟ್ಟು ಅದನ್ನ ಥಯೋಸಯನೇಟ್ ಮಾಡಿ ಮೂತ್ರದಲ್ಲಿ ಕಳಿಸುತ್ತೆ. ವಿಷಕ್ಕೆ ಎದುರಾಗಿ ವಿಷ. ಇದಕ್ಕಿಂತ ಖಚಿತ ಪದ ಎಲ್ಲಿ ತರ್ತೀರಿ?

---

ಪೆಟ್ಟಿಗೇಲಿ ಏನಿದೆ ಅಂತ ಕೇಳಿದ್ರಾ?

---

ಹೈಡ್ರಾಕ್ಸೋಕೊಬಾಲಮಿನ್ ಮೇಡಂ.

---

ಹಾಗಾದ್ರೆ ವಿಷಕ್ಕೆ ವಿಷ ಅನ್ನೋ ವಾದ ಇಲ್ಲಿಗೆ ಮುಗೀತು. ಅದು ಬಿ12 ವಿಟಮಿನ್ನಿನದೇ ಒಂದು ರೂಪ, ಸಯನೈಡನ್ನ ಹಿಡ್ಕೊಂಡು ಸಯನೊಕೊಬಾಲಮಿನ್ ಆಗಿ ಮೂತ್ರದಲ್ಲಿ ಹೋಗುತ್ತೆ. ದೊಡ್ಡೋರಿಗೆ 5 ಗ್ರಾಂ, 200 ಎಂಎಲ್ ಸಲೈನಲ್ಲಿ ಕಲಸಿ 15 ನಿಮಿಷದಲ್ಲಿ ಡ್ರಿಪ್ ಮೂಲಕ ಕೊಡೋದು. ಚರ್ಮ, ಮೂತ್ರ ಎರಡೂ ಕೆಂಪಾಗುತ್ತೆ, ಅದನ್ನೂ ಬೋರ್ಡಲ್ಲಿ ಹಾಕಿ, ಇಲ್ದಿದ್ರೆ ಜೊತೇಲಿರೋರು ರಕ್ತ ಹೋಗ್ತಿದೆ ಅಂತ ಗಾಬರಿ ಬೀಳ್ತಾರೆ.

---

"ಸಯನೈಡ್ ವಿಷಕ್ಕೆ ಮದ್ದು" ಅಂತಾದ್ರೂ ಹಾಕಿ, ಅಚ್ಚಗನ್ನಡ.

---

ಕಲ್ಲುಕ್ವಾರಿ ಕಡೆ ಮದ್ದು ಅಂದ್ರೆ ಬಂಡೆ ಸಿಡಿಸೋದು, ನಮ್ಮೂರಲ್ಲಿ ಮದ್ದು ಹಾಕಿದ್ರು ಅಂದ್ರೆ ಊಟದಲ್ಲಿ ವಿಷ ಇಟ್ರು ಅಂತ. ಔಷಧಿ ಅನ್ನಿ.

---

ಔಷಧಿ ಸಂಸ್ಕೃತ, ಇಂಜೆಕ್ಷನ್ ಇಂಗ್ಲಿಷ್, ಸಯನೈಡ್ ಇನ್ಯಾರದೋ. ಕನ್ನಡ ಅಂತ ಉಳಿದಿದ್ದು ನಾಲ್ಕನೇ ವಿಭಕ್ತಿ ಒಂದೇ. ಹೀಗೇ ಬೋರ್ಡ್ ಬೋರ್ಡಾಗಿ ನಮ್ಮ ಪದಗಳು ಹೋಗಿದ್ದು.

---

ಪದ ಉಳಿಸೋಕೆ ಬೇರೆ ಬೋರ್ಡ್ ಹುಡುಕಿ ಸರ್, ಇದು ಜೀವ ಉಳಿಸೋಕಿರೋದು.

---

ಹೀಗೆ ಕಳಿಸ್ತಿದೀನಿ: "ಸಯನೈಡ್ ವಿಷ ಏರಿದವರಿಗೆ ಕೊಡುವ ಔಷಧಿ (ಇಂಜೆಕ್ಷನ್). ಡಾಕ್ಟರ್ ಅಥವಾ ತರಬೇತಿ ಪಡೆದ ನರ್ಸ್ ಮಾತ್ರ ಕೊಡಬೇಕು. ಕೊಟ್ಟ ಮೇಲೆ ಮೂತ್ರ ಕೆಂಪಾಗುತ್ತದೆ, ಹೆದರಬೇಡಿ." ತಪ್ಪಿದ್ರೆ ರಾತ್ರಿ ಒಂಬತ್ತರೊಳಗೆ ಹೇಳಿ.