ಘಾಟಿಯಲ್ಲಿ ಕಪ್ಪು ಹೊಗೆ: ತಪ್ಪು ಎತ್ತರದ್ದೋ, ಲಾರಿಯದ್ದೋ?

ಪ್ರಶ್ನೆ: ತೀರ್ಥಹಳ್ಳಿಯ ಲಾರಿ ಮಾಲೀಕರು

ಸಾರ್ ನಮಸ್ಕಾರ. ನನ್ನದು 2004ರ ಮಾಡೆಲ್, ಆರು ಸಿಲಿಂಡರ್ ಟರ್ಬೊ ಲಾರಿ, ಹಳೇ ಮೆಕ್ಯಾನಿಕಲ್ ಡೀಸೆಲ್ ಪಂಪಿನದು. ವಾರಕ್ಕೆ ಎರಡು ಸಲ ಕುಂದಾಪುರ ಕಡೆಯಿಂದ ಹುಲಿಕಲ್ ಘಾಟಿ ಹತ್ತಿ ಗೊಬ್ಬರ ತರುತ್ತೇನೆ. ಕೆಳಗೆ ಸಮತಟ್ಟಲ್ಲಿ ಹೊಗೆ ಕಾಣುವುದೇ ಇಲ್ಲ. ಘಾಟಿ ಶುರುವಾದರೆ ಸಾಕು, ಹಿಂದಿನ ಗಾಡಿ ಕಾಣದಷ್ಟು ಕಪ್ಪು ಹೊಗೆ. ಬೈಕಿನವರು ಮೂಗು ಮುಚ್ಚಿಕೊಂಡು ಬೈದು ಹೋಗುತ್ತಾರೆ, ನನಗೂ ಬೇಜಾರು. ಇಬ್ಬರಿಗೆ ತೋರಿಸಿದೆ. ಒಬ್ಬರು "ಎತ್ತರಕ್ಕೆ ಹೋದರೆ ಟರ್ಬೊ ಗಾಡಿ ಹೀಗೇ" ಅಂದರು. ಇನ್ನೊಬ್ಬರು ಪಂಪ್ ಬಿಚ್ಚಿ ಡೀಸೆಲ್ ಕಡಿಮೆ ಮಾಡೋಣ ಅಂದರು. ಏನು ಮಾಡಲಿ?

ಉತ್ತರ: ಶಿವಮೊಗ್ಗದ ಪಂಪ್-ನೋಜಲ್ ಮೆಕ್ಯಾನಿಕ್

ಅಣ್ಣ, ಪಂಪಿಗೆ ಸದ್ಯ ಯಾರೂ ಕೈ ಹಾಕುವುದು ಬೇಡ. ಘಾಟಿ ಶುರುವಾದ ಕೂಡಲೇ ಹೊಗೆ ಅಂದಿದ್ದೀರಿ. ಉತ್ತರ ಅಲ್ಲೇ ಇದೆ. ಘಾಟಿಯ ಬುಡ ಅಂದರೆ ಇನ್ನೂ ಕರಾವಳಿಯ ಮಟ್ಟವೇ ಅಲ್ವಾ, ಅಲ್ಲಿ ಗಾಳಿ ತೆಳುವಾಗಿರುವುದಿಲ್ಲ. ಅಲ್ಲಿ ಜಾಸ್ತಿ ಆಗಿದ್ದು ಎಂಜಿನ್ ಮೇಲಿನ ಭಾರ, ಎತ್ತರ ಅಲ್ಲ. ಮೊದಲ ತಿರುವಿನಲ್ಲೇ ಹೊಗೆ ಬಂದರೆ ಲಾರಿಯಲ್ಲಿ ದೋಷ ಇದೆ ಅಂತ ಅರ್ಥ. ಕೆಳಗೆ ಚೆನ್ನಾಗಿ ಹತ್ತಿ, ಮೇಲೆ ಹೋಗ್ತಾ ಹೋಗ್ತಾ ಹೊಗೆ ಜಾಸ್ತಿ ಆದರೆ ಮಾತ್ರ ಎತ್ತರದ ಮಾತು ಎತ್ತಬಹುದು.

ಎತ್ತರಕ್ಕೆ ಹೋದರೆ ಗಾಳಿ ತೆಳುವಾಗುವುದು ನಿಜ. ನಮ್ಮ ಕಡೆಯ ಎತ್ತರಕ್ಕೆ ಲೆಕ್ಕ ಹಾಕಿದರೆ ಪ್ರತಿ 100 ಮೀಟರಿಗೆ ಸುಮಾರು ಶೇ 1 ಕಡಿಮೆ. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ, ಅಂದರೆ ಶೇ 5-6 ಕಡಿಮೆ. ಹಳೇ ಪಂಪಿಗೆ ಇದು ಗೊತ್ತಾಗುವುದಿಲ್ಲ. ಅದು ಡೀಸೆಲ್ ಅಳೆದು ಕೊಡುತ್ತದೆ, ಗಾಳಿ ಎಷ್ಟು ಬಂತು ಅಂತ ನೋಡುವುದಿಲ್ಲ. 1 ಕೆ.ಜಿ. ಡೀಸೆಲ್ ಸುಡಲು ಲೆಕ್ಕದ ಪ್ರಕಾರ ಸುಮಾರು 14.5 ಕೆ.ಜಿ. ಗಾಳಿ ಸಾಕು. ಆದರೆ ಸಿಲಿಂಡರಿನೊಳಗೆ ಎರಡೂ ಸರಿಯಾಗಿ ಬೆರೆಯಲು ಸಮಯವೇ ಸಿಗುವುದಿಲ್ಲ, ಹಾಗಾಗಿ ಗಾಳಿ 20 ಕೆ.ಜಿ.ಯ ಆಸುಪಾಸಿಗೆ ಇಳಿದಾಗಲೇ ಕಪ್ಪು ಹೊಗೆ ಶುರುವಾಗುತ್ತದೆ. ಆ ಕಪ್ಪು ಅಂದರೆ ಸುಡದೆ ಉಳಿದ ಮಸಿ, ನಿಮ್ಮ ಡೀಸೆಲ್ ದುಡ್ಡು.

ಟರ್ಬೊ ಅಂದರೆ ಎಕ್ಸಾಸ್ಟ್ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ, ಅದು ಇದ್ದರೆ ನಷ್ಟ ಇನ್ನೂ ಕಡಿಮೆ. ಸಮುದ್ರ ಮಟ್ಟದಲ್ಲಿ ಹೊರಗಿನ ಗಾಳಿ 1 ಪಾಲು, ಟರ್ಬೊ ತುಂಬುವುದು ಇನ್ನೊಂದು ಪಾಲು, ಒಟ್ಟು 2 ಅಂತಿಟ್ಟುಕೊಳ್ಳಿ. 1,000 ಮೀಟರಿನಲ್ಲಿ ಹೊರಗಿನದು 0.9 ಆಯಿತು. ಟರ್ಬೊ ತನ್ನ ಪಾಲು ಪೂರ್ತಿ ಕೊಟ್ಟರೆ ಒಟ್ಟು 1.9. ಟರ್ಬೊ ಇಲ್ಲದ ಗಾಡಿಗೆ ಶೇ 10 ಹೋದರೆ ನಿಮಗೆ ಹೋಗುವುದು ಶೇ 5. ಅಷ್ಟಕ್ಕೆ ಹಿಂದಿನ ಗಾಡಿ ಕಾಣದಂತೆ ಹೊಗೆ ಬರುವುದಿಲ್ಲ.

ಹಾಗಾಗಿ ಗಾಳಿ ಎಲ್ಲಿ ಹೋಗುತ್ತಿದೆ ಅಂತ ಹುಡುಕಿ. ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದು ನೋಡಿ. ನಮ್ಮ ಕಡೆ ಬೇಸಿಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಪೇಪರ್ ಒದ್ದೆಯಾಗಿ ಉಬ್ಬಿಕೊಳ್ಳುತ್ತದೆ. ಟೈರಿಗೆ ಬಡಿದು ಧೂಳು ಕೊಡವಬೇಡಿ, ಪೇಪರ್ ಹರಿದರೆ ಟರ್ಬೊ ಬ್ಲೇಡೇ ಸವೆಯುತ್ತದೆ. ಆಮೇಲೆ ಟರ್ಬೊದಿಂದ ಇಂಟರ್‌ಕೂಲರಿಗೆ (ಆ ಗಾಳಿ ತಣಿಸುವ ಭಾಗ), ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಒಂದೊಂದೇ ಕೈಯಿಂದ ತಡವಿ ನೋಡಿ. ಕ್ಲಿಪ್ ಹತ್ತಿರ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿದ್ದರೆ ಅಲ್ಲೇ ಗಾಳಿ ಸೋರುತ್ತಿದೆ. ಸೀಳು ಎಷ್ಟೋ ಸಲ ಹೋಸಿನ ಕೆಳಭಾಗದಲ್ಲಿರುತ್ತದೆ, ಮೇಲಿಂದ ನೋಡಿದರೆ ಕಾಣುವುದೇ ಇಲ್ಲ. ಸಮತಟ್ಟಲ್ಲಿ ಟರ್ಬೊ ಒತ್ತಡ ಕಡಿಮೆ, ಸೀಳು ಮುಚ್ಚಿಕೊಂಡಿರುತ್ತದೆ. ಏರಿನಲ್ಲಿ ಒತ್ತಡ ಬಂದಾಗ ಬಾಯಿ ಬಿಡುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸುತ್ತ ಮಸಿ ಇದೆಯಾ ಅಂತಲೂ ನೋಡಿ, ಅಲ್ಲಿ ಸೋರಿದರೆ ಟರ್ಬೊ ತಿರುಗಿಸಲು ಬಲವೇ ಸಾಲದು.

ಇಷ್ಟೆಲ್ಲ ಸರಿ ಇದ್ದರೆ ಮಾತ್ರ ನೋಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ), ಟೈಮಿಂಗ್ (ಅದು ಚಿಮ್ಮುವ ಕ್ಷಣ), ಕೊನೆಗೆ ಪಂಪ್ ನೋಡಿಸಿ.

ಪ್ರಶ್ನೆ: ಚಿಕ್ಕಮಗಳೂರಿನ ಡ್ರೈವರ್

ನಾನು ಎಸ್ಟೇಟ್ ಗಾಡಿ ಓಡಿಸುವುದು, ಕೆಮ್ಮಣ್ಣುಗುಂಡಿ ಕಡೆ. ನಮ್ಮ ಲಾರಿ ತರೀಕೆರೆಯಲ್ಲಿ ಚೆನ್ನಾಗಿರುತ್ತದೆ, ಮೇಲೆ ಹೋದಂತೆ ತಿರುವಿನಲ್ಲಿ ಒಂದೊಂದು ಸಲ ಬುಸ್ ಅಂತ ಕಪ್ಪು ಹೊಗೆ ಬಂದು ಹೋಗುತ್ತದೆ. ಇದು ಎತ್ತರದ್ದೇ ಅಲ್ವಾ?

ಉತ್ತರ

ಹೌದು, ನಿಮ್ಮದರಲ್ಲಿ ಎತ್ತರದ ಪಾಲು ಇದೆ. ಕೆಮ್ಮಣ್ಣುಗುಂಡಿ 1,434 ಮೀಟರ್, ಅಲ್ಲಿ ಗಾಳಿ ಶೇ 13ರಷ್ಟು ಕಡಿಮೆ. ತಿರುವಿನಲ್ಲಿ ಲಾರಿ ನಿಧಾನ ಆಗುತ್ತದೆ, ಟರ್ಬೊ ತಿರುಗುವುದೂ ಇಳಿಯುತ್ತದೆ. ಆ ಎರಡು-ಮೂರು ಸೆಕೆಂಡ್ ನಿಮ್ಮದು ಟರ್ಬೊ ಇಲ್ಲದ ಗಾಡಿ ಇದ್ದ ಹಾಗೆ, ಆಗ ಶೇ 13 ಪೂರ್ತಿ ಹೊಡೆತ ಬೀಳುತ್ತದೆ. ಆಗಲೇ ನೀವು ಆಕ್ಸಿಲರೇಟರ್ ಕೊನೆತನಕ ಒತ್ತಿದರೆ ಡೀಸೆಲ್ ಮೊದಲು ಬರುತ್ತದೆ, ಗಾಳಿ ಆಮೇಲೆ ಬರುತ್ತದೆ.

ಇದಕ್ಕೆಂದೇ ಪಂಪಿನ ಗವರ್ನರ್ (ಎಂಜಿನ್ ವೇಗ ಹತೋಟಿಯಲ್ಲಿಡುವ ಭಾಗ) ಮೇಲೆ ತಟ್ಟೆಯಂಥ ಒಂದು ಡಬ್ಬಿ ಇರುತ್ತದೆ, ಇನ್‌ಟೇಕ್‌ನಿಂದ ಸಣ್ಣ ಪೈಪ್ ಬಂದು ಸೇರುತ್ತದೆ. ನಾವು ಎಲ್‌ಡಿಎ ಅಂತೀವಿ. ಒಳಗೆ ಡಯಾಫ್ರಾಮ್ (ತೆಳು ಪರದೆ) ಮತ್ತು ಸ್ಪ್ರಿಂಗ್. ಟರ್ಬೊ ಒತ್ತಡ ಬಂದ ಮೇಲಷ್ಟೇ ಪೂರ್ತಿ ಡೀಸೆಲ್ ಬಿಡುವುದು ಅದರ ಕೆಲಸ. ಆದರೆ ಡಯಾಫ್ರಾಮಿನ ಇನ್ನೊಂದು ಬದಿಗೆ ಇರುವುದು ಹೊರಗಿನ ಗಾಳಿ. ಹೊರಗಿಗಿಂತ ಒಳಗೆ ಒತ್ತಡ ಎಷ್ಟು ಜಾಸ್ತಿ ಅನ್ನುವುದಷ್ಟೇ ಅದಕ್ಕೆ ಗೊತ್ತು, ಹೊರಗಿನದೇ ಕಡಿಮೆ ಆಗಿದೆ ಅಂತ ಗೊತ್ತಾಗುವುದಿಲ್ಲ. ಎತ್ತರ ನೋಡಿ ಡೀಸೆಲ್ ಕಡಿಮೆ ಮಾಡುವ ಬೇರೆ ಕ್ಯಾಪ್ಸೂಲ್ ಇರುವ ಪಂಪ್‌ಗಳೂ ಉಂಟು, ನಮ್ಮ ಕಡೆಯ ಹಳೇ ಲಾರಿಗಳಲ್ಲಿ ನನ್ನ ಕೈಗೆ ಸಿಕ್ಕಿದ್ದು ಕಡಿಮೆ.

ಬುಸ್ ಅಂತ ಬಂದು ತಕ್ಷಣ ನಿಂತರೆ ಹೆದರಬೇಡಿ. ತಿರುವಿಗೆ ಮೊದಲೇ ಒಂದು ಗೇರ್ ಇಳಿಸಿ. ಎಂಜಿನ್ ನಿಮಿಷಕ್ಕೆ 1,500 ಸುತ್ತಿನ ಆಸುಪಾಸು ಸುತ್ತುತ್ತಿರಲಿ, ಪೆಡಲ್ ನಿಧಾನ ಒತ್ತಿ. ಹೊಗೆ ಇಳಿಯುತ್ತದೆ. ಮೇಲೆ ತಲುಪಿದ ಮೇಲೆ ಎರಡು-ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿ. ತೆಳು ಗಾಳಿಯಲ್ಲಿ ಟರ್ಬೊ ಇನ್ನೂ ಜೋರಾಗಿ ತಿರುಗಿರುತ್ತದೆ, ಎಕ್ಸಾಸ್ಟ್ ಕೂಡ ಹೆಚ್ಚು ಕಾದಿರುತ್ತದೆ, ಒಮ್ಮೆಲೇ ನಿಲ್ಲಿಸಿದರೆ ಬೇರಿಂಗಿನ ಎಣ್ಣೆ ಸುಟ್ಟು ಕರಕಲಾಗುತ್ತದೆ.

ಪ್ರಶ್ನೆ: ಸಾಗರದಿಂದ

ಹೊಗೆ ತಪಾಸಣೆಯಲ್ಲಿ ನಮ್ಮ ಲಾರಿ ಪಾಸಾಗಿದೆ ಸಾರ್. ಆದರೂ ಏರಿನಲ್ಲಿ ಹೊಗೆ. ಹೇಗೆ?

ಉತ್ತರ

ಬಿಎಸ್-4ಕ್ಕಿಂತ ಹಳೇ ಡೀಸೆಲ್ ಗಾಡಿಗೆ ಮಿತಿ 65 ಎಚ್‌ಎಸ್‌ಯು (ಹೊಗೆ ಎಷ್ಟು ದಟ್ಟ ಅಂತ ಹೇಳುವ ಅಳತೆ). ಆ ತಪಾಸಣೆಯನ್ನು ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ ಮಾಡುತ್ತಾರೆ. ಹತ್ತು ಟನ್ ಹೊತ್ತು ಏರು ಹತ್ತುವುದನ್ನು ಅದು ಅಳೆಯುವುದಿಲ್ಲ. ಸರ್ಟಿಫಿಕೇಟ್ ಇದ್ದರೂ ಹೋಸ್ ನೋಡಿಸಿ. ರಸ್ತೆ ಬದಿಯಲ್ಲಿ ಶಾಲೆಗೆ ನಡೆದು ಹೋಗುವ ಮಕ್ಕಳ ಮುಖಕ್ಕೇ ಆ ಹೊಗೆ ಹೋಗುವುದು, ನನಗೆ ಅದು ನೋಡಿದಾಗಲೆಲ್ಲ ಸಂಕಟ ಆಗುತ್ತದೆ.

ಪ್ರಶ್ನೆ: ಕೊಪ್ಪದಿಂದ

ನಮ್ಮದು ಕಪ್ಪಲ್ಲ, ಬಿಳಿ ಹೊಗೆ. ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಕಣ್ಣು ಉರಿಯುತ್ತದೆ. ಅರ್ಧ ಗಂಟೆ ಓಡಿಸಿದರೂ ಪೂರ್ತಿ ಹೋಗುವುದಿಲ್ಲ.

ಉತ್ತರ

ಕಣ್ಣು ಉರಿದರೆ ಅದು ಸುಡದ ಡೀಸೆಲ್. ಚಳಿ ಮತ್ತು ತೆಳು ಗಾಳಿ ಎರಡೂ ಸೇರಿದರೆ ಕಂಪ್ರೆಷನ್ ಬಿಸಿ ಸಾಲದೆ ಡೀಸೆಲ್ ತಡವಾಗಿ ಹೊತ್ತಿಕೊಳ್ಳುತ್ತದೆ. ಐದು ನಿಮಿಷದಲ್ಲಿ ಹೋದರೆ ಪರವಾಗಿಲ್ಲ. ಅರ್ಧ ಗಂಟೆ ಅಂದರೆ ಪರವಾಗಿಲ್ಲ ಅನ್ನಲಾಗದು. ಮೊದಲು ಥರ್ಮೋಸ್ಟ್ಯಾಟ್ (ಎಂಜಿನ್ ಕಾಯುವ ತನಕ ರೇಡಿಯೇಟರಿಗೆ ನೀರು ತಡೆಯುವ ವಾಲ್ವ್) ಇದೆಯಾ ನೋಡಿ. ಗಾಡಿ ಹೀಟ್ ಆಗುತ್ತದೆ ಅಂತ ಸುಮ್ನೆ ಕಿತ್ತು ಬಿಸಾಡಿರುತ್ತಾರೆ, ಎಂಜಿನ್ ಕಾಯುವುದೇ ಇಲ್ಲ. ಇದ್ದರೆ ಪಂಪ್ ಟೈಮಿಂಗ್, ನೋಜಲ್ ನೋಡಿಸಿ. ರೇಡಿಯೇಟರ್ ನೀರು ಕಡಿಮೆ ಆಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ, ಆಗ ಓಡಿಸಬೇಡಿ.

ಮತ್ತೆ ತೀರ್ಥಹಳ್ಳಿಯವರು

ಸಾರ್, ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ಹೋಸಿನ ಅಡಿಯಲ್ಲಿ ಬೆರಳುದ್ದ ಸೀಳು ಇತ್ತು! ಹೊಸದು ಹಾಕಿಸಿದೆ. ನಿನ್ನೆ ಲೋಡ್ ಹೊತ್ತು ಹತ್ತಿದೆ. ಹೊಗೆ ಮುಕ್ಕಾಲು ಪಾಲು ಹೋಯಿತು, ಪಿಕಪ್ ಕೂಡ ಬಂತು. ತಿರುವಿನಲ್ಲಿ ಮಾತ್ರ ಇನ್ನೂ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ಲಾರಿ ತಗೊಳ್ಳುವಾಗ ಹಳೇ ಮಾಲೀಕರು "ಪಂಪ್ ಸ್ವಲ್ಪ ಏರಿಸಿದ್ದೀನಿ" ಅಂದಿದ್ದರು, ಅಂದರೆ ಡೀಸೆಲ್ ಜಾಸ್ತಿ ಬರುವ ಹಾಗೆ.

ಉತ್ತರ

ಬಹಳ ಖುಷಿ ಆಯಿತು ಅಣ್ಣ. ಹಳೇ ಮಾಲೀಕರ ಮಾತು ಮೊದಲೇ ಗೊತ್ತಿದ್ದರೂ ನಾನು ಹೋಸ್ ನೋಡಿ ಅಂತಲೇ ಹೇಳುತ್ತಿದ್ದೆ. ಸೀಳು ಹಾಗೇ ಇಟ್ಟು ಡೀಸೆಲ್ ಕಡಿಮೆ ಮಾಡಿಸಿದ್ದರೆ ಹೊಗೆ ನಿಲ್ಲುತ್ತಿತ್ತು, ಲಾರಿ ಏರು ಹತ್ತುತ್ತಿರಲಿಲ್ಲ. ಈಗ ಪಂಪ್ ಇಳಿಸಿ ಬೆಂಚಿಗೆ (ಪಂಪ್ ಪರೀಕ್ಷಿಸುವ ಯಂತ್ರ) ಹಾಕಿಸಿ. ರಸ್ತೆ ಬದಿಯಲ್ಲಿ ಸ್ಕ್ರೂ ತಿರುಗಿಸಿ ಅಂದಾಜಿನಲ್ಲಿ ಮಾಡುವ ಕೆಲಸ ಅಲ್ಲ ಇದು. ಆರೂ ಸಿಲಿಂಡರಿಗೆ ಹೋಗುವ ಲೈನಿನಲ್ಲಿ ಡೀಸೆಲ್ ಸಮ ಇರಬೇಕು, ಡೀಸೆಲ್ ಕಂಪನಿ ಅಳತೆಗೆ ಬರಬೇಕು, ಎಲ್‌ಡಿಎ ಎಷ್ಟು ಒತ್ತಡಕ್ಕೆ ಏಳುತ್ತದೆ ಅಂತ ಗೇಜ್ ಹಾಕಿ ನೋಡಬೇಕು. ನೋಜಲ್ ಆರನ್ನೂ ಜೊತೆಗೇ ಕೊಡಿ. ಬೆಂಚಿನ ಅಳತೆ ಚೀಟಿ ಕೇಳಿ ಇಸ್ಕೊಂಡು ಇಟ್ಟುಕೊಳ್ಳಿ, ಮುಂದಿನ ಸಲ ಯಾರಾದರೂ ಮುಟ್ಟಿದ್ದರೆ ಅದರಿಂದಲೇ ಗೊತ್ತಾಗುತ್ತದೆ.