ಮೌಲಾನಾಗಳೇ ದೇಶ ಒಡೆದರಾ? ಹುಬ್ಬಳ್ಳಿ ಕಾಲೇಜು ಗೆಳೆಯರ ಗುಂಪಿನಲ್ಲಿ ಒಂದು ಜಗಳ

ಮಂಜು: (ಫಾರ್ವರ್ಡ್) "ಮೌಲಾನಾಗಳು ರಾಜಕೀಯಕ್ಕೆ ಇಳಿದಿದ್ದಕ್ಕೇ 1947ರಲ್ಲಿ ದೇಶ ಎರಡಾಯಿತು. ಎಲ್ಲರಿಗೂ ಕಳಿಸಿ."

ಬಶೀರ್: ಮಂಜ್ಯಾ, ಓದಿ ಕಳಿಸಿದೆಯಾ, ಸುಮ್ನೆ ಕಳಿಸಿದೆಯಾ? ಪಾಕಿಸ್ತಾನ ಬೇಕು ಅಂತ ಮುಂದೆ ನಿಂತ ಜಿನ್ನಾ ಬ್ಯಾರಿಸ್ಟರ್, ಮೌಲಾನಾ ಅಲ್ಲ. ಬೇಡ ಅಂತ ಗಟ್ಟಿಯಾಗಿ ಹೇಳಿದವರು ದೇವಬಂದ್ ಮದರಸಾದಲ್ಲಿ ಹದೀಸ್ (ಪ್ರವಾದಿಯ ಮಾತುಗಳ) ಪಾಠ ಹೇಳುತ್ತಿದ್ದ ಮೌಲಾನಾ ಹುಸೇನ್ ಅಹ್ಮದ್ ಮದನಿ. ಈ ನೆಲದ ಹಿಂದೂ, ಮುಸ್ಲಿಂ ಎಲ್ಲ ಸೇರಿ ಒಂದೇ ಕೌಮು, ಅಂದರೆ ಒಂದೇ ರಾಷ್ಟ್ರ ಅಂತ 1938ರಲ್ಲೇ ವಾದಿಸಿದರು. ಕವಿ ಇಕ್ಬಾಲ್ ಅದನ್ನು ಖಂಡಿಸಿ ಪದ್ಯ ಬರೆದರು. ಮದನಿ ಆಮೇಲೆ ಅದೇ ವಾದದ ಮೇಲೆ ಪೂರ್ತಿ ಪುಸ್ತಕ ಬರೆದರು.

ವಿರೂಪಾಕ್ಷ: ಮೌಲಾನಾ ಶಬ್ಬೀರ್ ಅಹ್ಮದ್ ಉಸ್ಮಾನಿಯೂ ದೇವಬಂದ್‌ನವರೇ ಅಲ್ವಾ? ಅವರು ಪಾಕಿಸ್ತಾನ ಕೇಳುತ್ತಿದ್ದ ಜಿನ್ನಾರ ಮುಸ್ಲಿಂ ಲೀಗ್ ಕಡೆ ಹೋದರು. 1948ರಲ್ಲಿ ಜಿನ್ನಾ ತೀರಿಕೊಂಡಾಗ ಜನಾಜಾ ನಮಾಜ್ (ಅಂತ್ಯಕ್ರಿಯೆಯ ಪ್ರಾರ್ಥನೆ) ಮಾಡಿಸಿದವರೂ ಅವರೇ.

ಬಶೀರ್: ನಾನೂ ಅದನ್ನೇ ಹೇಳ್ತಿರೋದು. ಒಂದೇ ಮದರಸಾದವರು ಎರಡು ದಾರಿ ಹಿಡಿದರು. ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಅಬುಲ್ ಕಲಾಂ ಆಜಾದ್ ಕೂಡ ಮೌಲಾನಾನೇ. ಖರಗ್‌ಪುರದ ಐಐಟಿ 1951ರಲ್ಲಿ ಶುರುವಾದಾಗ ಶಿಕ್ಷಣ ಮಂತ್ರಿ ಅವರೇ ಆಗಿದ್ದರು. ನಿನ್ನ ಮಗ ವಿದ್ಯಾನಗರದಲ್ಲಿ ಕೋಚಿಂಗ್‌ಗೆ ಹೋಗ್ತಿರೋದು ಐಐಟಿ ಸೇರೋಕೇ ಅಲ್ವಾ?

ಮಂಜು: ಹಳೇ ಕಥೆ ಬಿಡು. ಶಾಬಾನೋ ಕೇಸಿನಲ್ಲಿ ಏನು ಮಾಡಿದರು?

ಶಾಹಿನ್: ಅದನ್ನ ನಾನು ಹೇಳ್ತೀನಿ. ಶಾಬಾನೋ ಅನ್ನೋ ವಯಸ್ಸಾದ ಹೆಂಗಸಿಗೆ ವಕೀಲ ಗಂಡ ತಲಾಕ್ ಕೊಟ್ಟ. ಮ್ಯಾಜಿಸ್ಟ್ರೇಟ್ ಕೊಡಿಸಿದ ಜೀವನಾಂಶ ತಿಂಗಳಿಗೆ 25 ರೂಪಾಯಿ. ಹೈಕೋರ್ಟ್ ಅದನ್ನ 179 ರೂಪಾಯಿ 20 ಪೈಸೆಗೆ ಏರಿಸಿತು. ಗಂಡ ಸುಪ್ರೀಂ ಕೋರ್ಟಿಗೆ ಹೋಗಿ 1985ರಲ್ಲಿ ಸೋತ. ಇಷ್ಟು ದುಡ್ಡಿಗೆ, ಮೌಲಾನಾಗಳು ಮುಂದಿರುವ ಮುಸ್ಲಿಂ ಪರ್ಸನಲ್ ಲಾ ಬೋರ್ಡ್‌ನವರು ದೇಶ ತುಂಬಾ ಗದ್ದಲ ಎಬ್ಬಿಸಿದರು. ರಾಜೀವ್ ಗಾಂಧಿ ಸರ್ಕಾರ ಮಣಿದು 1986ರಲ್ಲಿ ಆ ತೀರ್ಪನ್ನು ಬದಿಗೊತ್ತಲು ಬೇರೆ ಕಾಯ್ದೆ ತಂದಿತು. 2017ರಲ್ಲಿ ತ್ರಿವಳಿ ತಲಾಕ್ ರದ್ದಾಗಿದ್ದು ಹೆಂಗಸರು ಕೋರ್ಟ್ ಮೆಟ್ಟಿಲು ಹತ್ತಿದ್ದಕ್ಕೆ. ಬೋರ್ಡ್ ಅಲ್ಲೂ ಎದುರು ನಿಂತಿತ್ತು.

ಬಶೀರ್: ಇದರಲ್ಲಿ ನಿನ್ನ ಮಾತೇ ನನ್ನ ಮಾತು ಶಾಹಿನ್. ಬ್ರಿಟಿಷರ ಜೈಲಿಗೆ ಹೆದರದ ಉಲೇಮಾಗಳು (ಧರ್ಮಪಂಡಿತರು) ಇದ್ದ ಸಮಾಜ ನಮ್ಮದು. ಆ ಧೈರ್ಯ ಮನೆಯ ಹೆಂಗಸಿನ ಪರ ಬರಲಿಲ್ಲ, ನನಗೆ ಅದೇ ನೋವು. ಆದರೆ ಮೌಲಾನಾಗಳು ರಾಜಕೀಯ ಮಾತಾಡಲೇಬಾರದು ಅಂದರೆ ಒಪ್ಪಲ್ಲ. 2021ರಲ್ಲಿ ಪಂಚಮಸಾಲಿ ಸ್ವಾಮೀಜಿ ಮೀಸಲಾತಿಗಾಗಿ ಕೂಡಲಸಂಗಮದಿಂದ ಬೆಂಗಳೂರಿಗೆ ನಡೆದಾಗ, ಮಠದಲ್ಲೇ ಇರಿ ಅಂತ ಈ ಗುಂಪಿನಲ್ಲಿ ಯಾರೂ ಬರೆಯಲಿಲ್ಲ.

ಶಾಹಿನ್: ಮಾತಾಡಲಿ. ಆದರೆ ಓಟಿನ ಮಾತಿಗಿಂತ ಮೊದಲು, ಜುಮ್ಮಾ ಬಯಾನಿನಲ್ಲಿ (ಶುಕ್ರವಾರದ ಪ್ರವಚನದಲ್ಲಿ) ಹೆಣ್ಣುಮಕ್ಕಳ ಆಸ್ತಿ ಪಾಲಿನ ಮಾತು ಎತ್ತಲಿ. ಮಗಳಿಗೆ ಪಾಲು ಕುರಾನಿನಲ್ಲೇ ಇದೆ. "ನನ್ನ ಹಕ್ಕು ಬಿಟ್ಟೆ" ಅಂತ ತಂಗಿಯರಿಂದ ಸಹಿ ಹಾಕಿಸಿಕೊಂಡ ಅಣ್ಣಂದಿರು ಮೊದಲ ಸಾಲಿನಲ್ಲೇ ಕೂತಿರ್ತಾರೆ.

ಬಶೀರ್: ನಮ್ಮ ಮಸೀದಿಯ ಹಜರತ್‌ರಿಗೆ (ಇಮಾಮರಿಗೆ) ಈ ಶುಕ್ರವಾರದೊಳಗೆ ಹೇಳ್ತೀನಿ. ನೀನು ಬರೆದಿದ್ದನ್ನೇ ಉರ್ದುವಿನಲ್ಲಿ ಬರೆದು ಕಳಿಸು.