ಸಹಾಯ ಬೇಕು: ಒಂದೇ ಡಿಶ್‌ನಿಂದ ಎರಡು ಟಿವಿಗಳಿಗೆ ಸಂಪರ್ಕ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದ್ದು, ಹಾಸಿಗೆ ಹಿಡಿದಿರುವ ಅಮ್ಮ ಮಲಗಿದಲ್ಲೇ ಚಂದನ ವಾಹಿನಿ ನೋಡಲೆಂದು ಅವರ ಕೋಣೆಗೆ ಇನ್ನೊಂದು ಟಿವಿಯನ್ನೂ ಸೆಟ್‌ಟಾಪ್ ಬಾಕ್ಸನ್ನೂ ತಂದು, ಜಗಲಿಯ ಕೇಬಲ್ಲಿಗೆ ಸ್ಪ್ಲಿಟರ್ ಹಾಕಿ ಸಂಪರ್ಕ ಕೊಟ್ಟಿದ್ದೇನೆ. ಆದರೆ ರಾತ್ರಿ ಜಗಲಿಯ ಬಾಕ್ಸಿನ ಸ್ವಿಚ್ ಆರಿಸಿದೊಡನೆ ಅಮ್ಮನ ಟಿವಿಯಲ್ಲಿ ಚಿತ್ರ ನಿಂತು ‘ನೋ ಸಿಗ್ನಲ್’ ಎಂದು ಬರುತ್ತದೆ. ಡಿಶ್‌ನ ಎಲ್‌ಎನ್‌ಬಿಗೆ (ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ) ಬೇಕಾದ 13 ಅಥವಾ 18 ವೋಲ್ಟ್ ವಿದ್ಯುತ್ತು ಬಾಕ್ಸಿನಿಂದ ಅದೇ ಕೇಬಲ್ಲಿನಲ್ಲಿ ಹೋಗುವುದರಿಂದ, ನನ್ನ ಸ್ಪ್ಲಿಟರ್ ಅದನ್ನು ಒಂದೇ ಕಡೆಯಿಂದ ಬಿಡುತ್ತಿರಬೇಕು ಎಂಬುದು ನನ್ನ ಅಂದಾಜು. ಎರಡೂ ಕಡೆಯಿಂದ ವಿದ್ಯುತ್ತು ಬಿಡುವ ಸ್ಪ್ಲಿಟರ್ ಸಾಕೇ, ಅಥವಾ ಎರಡು ಕೇಬಲ್ ಜೋಡಿಸಬಹುದಾದ ಟ್ವಿನ್ ಎಲ್‌ಎನ್‌ಬಿ ಹಾಕಿ ಅಮ್ಮನ ಕೋಣೆಗೆ ಪ್ರತ್ಯೇಕ ಕೇಬಲ್ ಎಳೆಯುವುದೇ ಸರಿಯೇ? ಎಲ್‌ಎನ್‌ಬಿ ಬದಲಿಸಿದರೆ ಡಿಶ್‌ನ ದಿಕ್ಕನ್ನು ಮತ್ತೆ ಹೊಂದಿಸಬೇಕಾಗುತ್ತದೆಯೇ? ಮಳೆಗಾಲ ಹಿಡಿದ ಮೇಲೆ ಹೆಂಚಿನ ಮಾಡು ಹತ್ತುವುದು ಅಪಾಯವಾದ್ದರಿಂದ, ಮಾಡಿ ನೋಡಿದವರು ದಯವಿಟ್ಟು ಬೇಗ ತಿಳಿಸಬೇಕೆಂದು ಕೋರುತ್ತೇನೆ.